ಪರ್ಡಿಗೆ ಅಷ್ಟು ದುಡ್ಡು ಯಾಕೆ ಅಂತ ಕೇಳಿದೆಯಲ್ಲ

ಸನಿವೇಲ್‌ನಲ್ಲಿ ಮನೆ, ಕಾರು, ದಿನಸಿ ಎಲ್ಲ ಒಂದು ಹದಕ್ಕೆ ಬಂತು, ಸೋಮವಾರ ಆಫೀಸಿನಲ್ಲಿ ಊಟಕ್ಕೆ ಕೂತಾಗ ಮಾತ್ರ ಬಾಯಿಗೆ ಬೀಗ ಬೀಳುತ್ತೆ ಅಂತ ಬರೆದಿದ್ದೀಯ. ಅರ್ಧ ಜನ 'ಬ್ರಾಕ್ ಪರ್ಡಿಗೆ ಸುರಿದು ನೈನರ್ಸ್ ಟೀಮನ್ನೇ ಖಾಲಿ ಮಾಡಿದರು' ಅಂತಾರೆ, ಉಳಿದವರು 'ಕ್ವಾರ್ಟರ್‌ಬ್ಯಾಕ್ ಇಲ್ಲದೆ ಉಳಿದವರನ್ನು ಇಟ್ಟುಕೊಂಡು ಏನು ಮಾಡೋದು' ಅಂತಾರೆ. ಯಾರು ಸರಿ ಅಕ್ಕ, ಇದನ್ನೆಲ್ಲ ಕಲಿಯಲೇಬೇಕಾ ಅಂತ ನಿನ್ನ ಪ್ರಶ್ನೆ. ನೈನರ್ಸ್ ಅಂದರೆ ಇಲ್ಲಿನ ಸ್ಯಾನ್ ಫ್ರಾನ್ಸಿಸ್ಕೊ ಅಮೆರಿಕನ್ ಫುಟ್‌ಬಾಲ್ ತಂಡ, ಪರ್ಡಿ ಅದರ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ದಾಳಿ ನಡೆಸುವವನು.

ಕಲಿಯಲೇಬೇಕು ಅಂತೇನಿಲ್ಲ ಮಾರಾಯ. ಫುಟ್‌ಬಾಲಿನ ಗಂಧವೇ ಇಲ್ಲದೆ ಇಲ್ಲಿ ಮನೆ ಕೊಂಡು, ಮಕ್ಕಳ ಮದುವೆ ಮಾಡಿ, ಸುಖವಾಗಿರುವ ನಮ್ಮವರು ಬೇಕಾದಷ್ಟು ಜನ ಇದ್ದಾರೆ. ಆದರೆ ಈ ಜಗಳ ಮಾತ್ರ ಆಟದ ನಿಯಮ ಗೊತ್ತಿಲ್ಲದವರಿಗೂ ರುಚಿಸುವಂಥದ್ದು. ಇದು ಹಣದ ಜಗಳ.

ನೀನು ಆರ್‌ಸಿಬಿ ನೋಡಿಕೊಂಡು ಬೆಳೆದವನು, ನಿನಗೆ ಬೇಗ ಹತ್ತುತ್ತೆ. ಐಪಿಎಲ್ ಹರಾಜಿನಲ್ಲಿ ಪರ್ಸ್ ಇದ್ದ ಹಾಗೆ ಇಲ್ಲಿನ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ಸ್ಯಾಲರಿ ಕ್ಯಾಪ್, ಅಂದರೆ ಆಟಗಾರರ ಸಂಬಳಕ್ಕೆ ಟೀಮು ವರ್ಷಕ್ಕೆ ಸುರಿಯಬಹುದಾದ ಹಣದ ಮಿತಿ. 2025ರಲ್ಲಿ ಅದು ಟೀಮಿಗೆ ಸುಮಾರು 27.9 ಕೋಟಿ ಡಾಲರ್, ಅದರಲ್ಲಿ 53 ಜನರ ತಂಡ ನಡೆಸಬೇಕು. ಕೊಹ್ಲಿ, ಗೇಯ್ಲ್, ಎಬಿ ಮೂವರನ್ನೂ ಇಟ್ಟುಕೊಂಡು ಕೊನೇ ಓವರುಗಳಿಗೆ ಬೌಲರ್ ಹುಡುಕುತ್ತಿದ್ದ ನಮ್ಮ ಪಾಡು ನೆನಪು ಮಾಡಿಕೋ. ಇಲ್ಲಿ ಆ ಮೂವರ ಭಾರವನ್ನು ಒಬ್ಬನೇ ಹೊರುತ್ತಾನೆ, ಅವನೇ ಕ್ವಾರ್ಟರ್‌ಬ್ಯಾಕ್.

ಈಗ ಕತೆ. ಪ್ರತಿ ವರ್ಷ ಟೀಮುಗಳು ಕಾಲೇಜು ಹುಡುಗರನ್ನು ಸರದಿಯಂತೆ ಆರಿಸಿಕೊಳ್ಳುತ್ತವೆ, ಅದೇ ಡ್ರಾಫ್ಟ್. 2021ರಲ್ಲಿ ನೈನರ್ಸ್ ಮಿಯಾಮಿ ತಂಡಕ್ಕೆ ಮೂರು ಮೊದಲ ಸುತ್ತಿನ ಡ್ರಾಫ್ಟ್ ಆಯ್ಕೆಗಳನ್ನು ಕೊಟ್ಟು ಮೂರನೇ ಸ್ಥಾನಕ್ಕೆ ಏರಿ ಕ್ವಾರ್ಟರ್‌ಬ್ಯಾಕ್ ಟ್ರೇ ಲ್ಯಾನ್ಸ್‌ನನ್ನು ತಂದರು. ಮುಂದಿನ ಹತ್ತು ವರ್ಷಕ್ಕೆ ಇವನೇ ಅನ್ನೋ ಲೆಕ್ಕಾಚಾರ. 2022ರ ಎರಡನೇ ಪಂದ್ಯದಲ್ಲೇ ಅವನ ಕಣಕಾಲು ಮುರಿಯಿತು. ಬದಲಿಗೆ ಬಂದ ಜಿಮ್ಮಿ ಗರೊಪೊಲೊ ಡಿಸೆಂಬರಿನಲ್ಲಿ ಪಾದ ಮುರಿದುಕೊಂಡ. ಆಗ ಅಂಗಳಕ್ಕಿಳಿದವನು ಆ ವರ್ಷದ ಡ್ರಾಫ್ಟಿನ ಕಟ್ಟಕಡೆಯ, 262ನೇ ಹುಡುಗ: ಪರ್ಡಿ. ಕೊನೆಗೆ ಆಯ್ಕೆಯಾದವನನ್ನು 'ಮಿಸ್ಟರ್ ಇರ್‍ರೆಲೆವೆಂಟ್' ಅಂತ ಕರೆದು ತಮಾಷೆ ಮಾಡುವುದು ಇವರ ಪದ್ಧತಿ. ಮರುವರ್ಷ ಲ್ಯಾನ್ಸ್‌ನನ್ನು ಡಲ್ಲಾಸ್‌ಗೆ ಸಾಗಹಾಕಿದಾಗ ಸಿಕ್ಕಿದ್ದು ಒಂದು ನಾಲ್ಕನೇ ಸುತ್ತಿನ ಆಯ್ಕೆ.

ದೀರ್ಘಕಾಲದ ಯೋಜನೆ ಮಣ್ಣುಪಾಲಾಯಿತು, ಅದೃಷ್ಟ ಕೈಹಿಡಿಯಿತು. ಪರ್ಡಿಯ ಸಂಬಳ ವರ್ಷಕ್ಕೆ 10 ಲಕ್ಷ ಡಾಲರಿಗೂ ಕಮ್ಮಿ. ಬೇರೆ ಟೀಮುಗಳು ಆ ಒಂದು ಜಾಗಕ್ಕೆ ನಾಲ್ಕೈದು ಕೋಟಿ ತೆರುತ್ತಿದ್ದಾಗ ಇವರ ಕೈಯಲ್ಲಿ ಅಷ್ಟೂ ಹಣ ಉಳಿಯಿತು. ಕ್ರಿಶ್ಚಿಯನ್ ಮೆಕ್ಯಾಫ್ರೀ, ನಿಕ್ ಬೋಸಾ, ಟ್ರೆಂಟ್ ವಿಲಿಯಮ್ಸ್, ಫ್ರೆಡ್ ವಾರ್ನರ್ ಎಲ್ಲರೂ ಒಂದೇ ತಂಡದಲ್ಲಿ ನಿಲ್ಲೋದಕ್ಕೆ ಸಾಧ್ಯವಾಗಿದ್ದು ಹೀಗೆ. 2024ರ ಫೆಬ್ರುವರಿಯಲ್ಲಿ ಲೀಗಿನ ಫೈನಲ್ ಆದ ಸೂಪರ್ ಬೌಲ್ ತನಕ ಹೋಗಿ ಕ್ಯಾನ್ಸಸ್ ಸಿಟಿಗೆ ಹೆಚ್ಚುವರಿ ಸಮಯದಲ್ಲಿ 25-22ರಿಂದ ಸೋತರು.

2025ರ ಮೇ ತಿಂಗಳಲ್ಲಿ ಬಿಲ್ಲು ಬಂತು: ಪರ್ಡಿಗೆ ಐದು ವರ್ಷಕ್ಕೆ 26.5 ಕೋಟಿ ಡಾಲರ್. ನಿನ್ನ ಸಹೋದ್ಯೋಗಿಗಳ ಹೊಟ್ಟೆ ಉರಿಯುತ್ತಿರುವುದು ಅದಕ್ಕೂ ಎರಡು ತಿಂಗಳು ಹಿಂದೆ ತಂಡದ ಆಟಗಾರರು ಹೊರಟುಹೋದದ್ದಕ್ಕೆ. ಡೀಬೊ ಸ್ಯಾಮ್ಯುಯೆಲ್ ವಾಷಿಂಗ್ಟನ್‌ಗೆ, ಗ್ರೀನ್‌ಲಾ ಮತ್ತು ಹುಫಾಂಗಾ ಇಬ್ಬರೂ ಡೆನ್ವರ್‌ಗೆ, ಚಾರ್ವೇರಿಯಸ್ ವಾರ್ಡ್ ಇಂಡಿಯಾನಾಪೊಲಿಸ್‌ಗೆ. ಒಂದೇ ತಿಂಗಳಲ್ಲಿ ಅರ್ಧ ಸಂತೆ ಎದ್ದುಹೋದ ಹಾಗಾಯ್ತು.

ನನ್ನ ಅಭಿಪ್ರಾಯ ಕೇಳಿದರೆ, ಪರ್ಡಿಗೆ ಕೊಟ್ಟಿದ್ದು ತಪ್ಪಲ್ಲ. ಕೊಡದೆ ಇದ್ದಿದ್ದರೆ ಮತ್ತೆ ಡ್ರಾಫ್ಟಿನಲ್ಲಿ ಇನ್ನೊಬ್ಬ ಲ್ಯಾನ್ಸ್‌ನ ಮೇಲೆ ಜೂಜಾಡಬೇಕಿತ್ತು, ಅದರ ಬೆಲೆ ಎಷ್ಟು ಅಂತ ಈ ಊರಿಗೆ ಚೆನ್ನಾಗಿ ಗೊತ್ತು. ಪೆಟ್ಟು ಬಿದ್ದಿರೋದು ಬೇರೆ ಕಡೆ. 2022, 2023 ಎರಡೂ ವರ್ಷ ಇವರಿಗೆ ಮೊದಲ ಸುತ್ತಿನ ಆಯ್ಕೆಯೇ ಇರಲಿಲ್ಲ, ಲ್ಯಾನ್ಸ್‌ಗಾಗಿ ಮಿಯಾಮಿಗೆ ಕೊಟ್ಟಾಗಿತ್ತು. ದುಬಾರಿಯಾದವರು ಹೊರಟಾಗ ಆ ಜಾಗಕ್ಕೆ ಬಂದು ಕೂರಬೇಕಿದ್ದ ಅಗ್ಗದ ಹುಡುಗರು ಆ ಎರಡು ವರ್ಷದಲ್ಲಿ ಬರಬೇಕಿತ್ತು. ಪರ್ಡಿಯ ಚೆಕ್ಕಿಗೆ ಬೈಯುವವರು ಇದನ್ನು ಮರೆಯುತ್ತಾರೆ.

ಇನ್ನೊಂದು ಸೂಕ್ಷ್ಮ ಇದೆ. ಕೈಗೆ ಕೊಟ್ಟ ಹಣ, ಕ್ಯಾಪ್ ಲೆಕ್ಕದಲ್ಲಿ ಬರೆಯೋ ಹಣ ಎರಡೂ ಒಂದೇ ಅಲ್ಲ. ಸಹಿ ಹಾಕುವಾಗ ಕೊಡುವ ಬೋನಸ್ಸನ್ನು ಐದು ವರ್ಷದ ತನಕ ಹಂಚಿ ಬರೆಯಬಹುದು. ಹಾಗಾಗಿ 2025ರ ಲೆಕ್ಕದಲ್ಲಿ ಪರ್ಡಿಯ ಭಾರ 1 ಕೋಟಿ ಡಾಲರನ್ನೂ ಮುಟ್ಟಲಿಲ್ಲ, ನಿಜವಾದ ಹೊರೆ ಮುಂದಿನ ವರ್ಷಗಳದ್ದು. ಆಟಗಾರನನ್ನು ನಡುವೆ ಬಿಟ್ಟರೂ ಬರೆಯದೆ ಉಳಿದ ಬೋನಸ್ ಟೀಮಿನ ತಲೆಗೇ. ಇದಕ್ಕೆ ಡೆಡ್ ಮನಿ ಅಂತಾರೆ. ಊಟದ ಹೊತ್ತಿನಲ್ಲಿ ಈ ಎರಡು ಮಾತು ಹೇಳಿದರೆ ಎಲ್ಲರೂ ನಿನ್ನ ಕಡೆ ತಿರುಗುತ್ತಾರೆ ನೋಡು.

ಯಾರಾದರೂ ಹಳಬರು ಕೂತಿದ್ದರೆ ಜೋ ಮಾಂಟಾನಾ ಮಾತು ಎತ್ತು. 1987ರಲ್ಲಿ, ಮಾಂಟಾನಾ ಇನ್ನೂ ಗೆಲ್ಲಿಸಿ ಕೊಡುತ್ತಿದ್ದಾಗಲೇ, ಕೋಚ್ ಬಿಲ್ ವಾಲ್ಶ್ ಟ್ಯಾಂಪಾದಿಂದ ಸ್ಟೀವ್ ಯಂಗ್‌ನನ್ನು ತಂದು ಬೆಂಚಿನಲ್ಲಿ ಕೂರಿಸಿದ. ಮಾಂಟಾನಾ ಆಮೇಲೂ ಎರಡು ಸೂಪರ್ ಬೌಲ್ ಗೆದ್ದ, 1993ರಲ್ಲಿ ಕ್ಯಾನ್ಸಸ್ ಸಿಟಿಗೆ ಹೋದ, 1995ರ ಜನವರಿಯಲ್ಲಿ ಯಂಗ್ ಐದನೇ ಕಪ್ ತಂದ. ಆ ಕಾಲದಲ್ಲಿ ಇಬ್ಬರನ್ನೂ ಇಟ್ಟುಕೊಳ್ಳೋದಕ್ಕೆ ಆಗುತ್ತಿತ್ತು, ಕ್ಯಾಪ್ ಬಂದಿದ್ದೇ 1994ರಲ್ಲಿ. ಈಗ ಹಾಗೆ ಮಾಡಲು ಹೋದರೆ ದಿವಾಳಿ. ಅಂದಹಾಗೆ, ಯಂಗ್‌ನ ಆ ಕಪ್ಪಿನ ನಂತರ ಇವರಿಗೆ ಇನ್ನೊಂದು ದಕ್ಕಿಲ್ಲ. ಹದಿನೆಂಟು ಸೀಸನ್ ಕಾದ ನಮಗೆ ಆ ನೋವು ಯಾರೂ ಹೇಳಿಕೊಡಬೇಕಾಗಿಲ್ಲ.

2025ರಲ್ಲಿ ಪರ್ಡಿ ಕಾಲ್ಬೆರಳಿನ ಗಾಯಕ್ಕೆ ಕೂತಾಗ ಕಡಿಮೆ ಸಂಬಳದ ಮ್ಯಾಕ್ ಜೋನ್ಸ್ ತಂಡವನ್ನು ದಡ ಸೇರಿಸಿದ. ಹಾಗಾದರೆ ದುಡ್ಡು ದಂಡವೇ ಅಂತ ಕೇಳುವವರು ಸಿಗುತ್ತಾರೆ. ನನ್ನನ್ನು ಕೇಳಿದರೆ ಜನರಲ್ ಮ್ಯಾನೇಜರ್ ಜಾನ್ ಲಿಂಚ್ ಎರಡನೇ ಕ್ವಾರ್ಟರ್‌ಬ್ಯಾಕ್ ವಿಷಯದಲ್ಲಿ ಈ ಸಲ ಬುದ್ಧಿ ಕಲಿತಿದ್ದಾನೆ, ಅಷ್ಟೇ. ಆ ವರ್ಷ ಮೊದಲ ಸುತ್ತಿನಲ್ಲಿ ಮೈಕೆಲ್ ವಿಲಿಯಮ್ಸ್‌ನನ್ನು ತಂದು ರಕ್ಷಣೆಗೆ ಹುಡುಗರನ್ನು ತುಂಬಿಕೊಂಡದ್ದೂ ಅದೇ ದಾರಿ. ಫಲ ಗೊತ್ತಾಗೋದಕ್ಕೆ ಇನ್ನೆರಡು ವರ್ಷ ಬೇಕು.

ಮ್ಯಾಚಿಗೆ ಹೋಗುವ ಮನಸ್ಸಿದ್ದರೆ ಲೀವೈಸ್ ಸ್ಟೇಡಿಯಂ ನಿನ್ನ ಪಕ್ಕದ ಸ್ಯಾಂಟಾ ಕ್ಲಾರಾದಲ್ಲೇ ಇದೆ. ಟ್ಯಾಸ್‌ಮನ್ ರಸ್ತೆಗೆ ಕಾರು ತೆಗೆದುಕೊಂಡು ಹೋಗಬೇಡ, ಲೈಟ್ ರೈಲು ಹಿಡಿ. ಪೂರ್ವದ ಕಡೆ ಸೀಟು ಬೇಡವೇ ಬೇಡ, ಸೆಪ್ಟೆಂಬರ್ ಮಧ್ಯಾಹ್ನ ಬಿಸಿಲು ನೆತ್ತಿ ಸುಡುತ್ತೆ. ಬ್ಯಾಕ್‌ಪ್ಯಾಕ್ ಒಳಗೆ ಬಿಡುವುದಿಲ್ಲ, ಪಾರದರ್ಶಕ ಚೀಲವೇ ಆಗಬೇಕು. ಚಿತ್ರಾನ್ನ ಮನೆಯಲ್ಲೇ ಮುಗಿಸಿಕೊಂಡು ಹೊರಡು.