ನ್ಯಾಶ್‌ವಿಲ್‌ಗೆ ಹೊರಟಿರುವ ನಿಮಗೆ

ಮುಂದಿನ ತಿಂಗಳು ಕೆಲಸಕ್ಕೆ ಸೇರಲು ಅಮೆರಿಕದ ಟೆನೆಸ್ಸಿ ರಾಜ್ಯದ ನ್ಯಾಶ್‌ವಿಲ್‌ಗೆ ಬರುತ್ತಿರುವ ಸುದ್ದಿ ತಿಳಿದು ಸಂತೋಷವಾಯಿತು. ಮನೆ ಎಲ್ಲಿ ಹಿಡಿಯಬೇಕು, ಕಾರಿಲ್ಲದೆ ನಡೆಯುತ್ತದೆಯೇ, ಸಸ್ಯಾಹಾರ ಸಿಗುತ್ತದೆಯೇ ಎಂದು ಕೇಳಿದ್ದೀರಿ. ಕೊನೆಯಲ್ಲಿ, ಊರು ತುಂಬ ಕೌಬಾಯ್ ಟೋಪಿ ಮತ್ತು ಅಮೆರಿಕದ ಹಳ್ಳಿಗಾಡಿನ ಕಂಟ್ರಿ ಹಾಡುಗಳಂತೆ, ನಮ್ಮಂಥವರಿಗೆ ಅಲ್ಲಿ ಬೇಸರವಾಗುವುದಿಲ್ಲವೇ ಎಂದೂ ಕೇಳಿದ್ದೀರಿ.

ಕಾರು ಬೇಕೇ ಬೇಕು. ಮನೆಯನ್ನು ಕಚೇರಿಗೆ ಹತ್ತಿರ ನೋಡಿ. ಊಟದ ಚಿಂತೆ ಬಿಡಿ; ಓಲ್ಡ್ ಹಿಕರಿ ಬೂಲೆವಾರ್ಡ್‌ನಲ್ಲಿ ಗಣೇಶನ ಗುಡಿಯಿದೆ, ಒಂದು ಭಾನುವಾರ ಅಲ್ಲಿಗೆ ಹೋದರೆ ಉಳಿದದ್ದನ್ನೆಲ್ಲ ನಮ್ಮವರೇ ಹೇಳುತ್ತಾರೆ. ಬೇಸರದ ಪ್ರಶ್ನೆಗೆ ಮಾತ್ರ ಉದ್ದವಾಗಿ ಬರೆಯಬೇಕು.

ನಾನು ಬಂದ ಹೊಸತರಲ್ಲಿ ಕೊಂಡ ಹಳೆಯ ಕಾರಿನ ರೇಡಿಯೊದಲ್ಲಿ ಸ್ಪಷ್ಟವಾಗಿ ಕೇಳಿಸುತ್ತಿದ್ದದ್ದು ಡಬ್ಲ್ಯುಎಸ್ಎಂ ಒಂದೇ. 1925ರಿಂದ ‘ಗ್ರ್ಯಾಂಡ್ ಓಲ್ ಆಪ್ರಿ’ ಎಂಬ ಕಂಟ್ರಿ ಹಾಡುಗಳ ಕಾರ್ಯಕ್ರಮವನ್ನು ಪ್ರಸಾರ ಮಾಡುತ್ತಿರುವ ಕೇಂದ್ರ ಅದು. ಒಂದು ಸಂಜೆ ಹಾಡುಗಾರ್ತಿ ಲೊರೆಟ್ಟಾ ಲಿನ್ ಅವರ, 1970ರಲ್ಲಿ ಬಿಡುಗಡೆಯಾದ ‘ಕೋಲ್ ಮೈನರ್ಸ್ ಡಾಟರ್’ ಬಂತು. ಅಪ್ಪ ರಾತ್ರಿಯೆಲ್ಲ ಕಲ್ಲಿದ್ದಲ ಗಣಿಯಲ್ಲಿ, ಹಗಲೆಲ್ಲ ಮೆಕ್ಕೆಜೋಳದ ಹೊಲದಲ್ಲಿ. ಬೇಸಿಗೆಯಲ್ಲಿ ಮಕ್ಕಳಿಗೆ ಬರಿಗಾಲು. ಹಂದಿ ಮಾರಿದ ಹಣದಲ್ಲಿ ಚಳಿಗಾಲಕ್ಕೆ ಹೊಸ ಬೂಟು. ಆಕೆ ಕೆಂಟಕಿಯ ಗಣಿಗಾರನ ಮಗಳು, ಹಾಡಿದ್ದು ತನ್ನ ಮನೆಯ ಕತೆ. ಆಡು ಮಾರಿ ಶಾಲೆಯ ಖರ್ಚು ತೂಗಿಸಿದ ಮನೆಯಿಂದ ಬಂದವನು ನಾನು. ಅಮೆರಿಕದಲ್ಲಿ ಇಂಥ ಮನೆಗಳಿದ್ದವು ಎಂದು ನನಗೆ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ.

ಈ ಹಾಡುಗಳ ಕತೆಗಾರಿಕೆಗೆ ಒಂದು ಉದಾಹರಣೆ ಕೊಡುತ್ತೇನೆ. 1980ರಲ್ಲಿ ಜಾರ್ಜ್ ಜೋನ್ಸ್ ಹಾಡಿದ ‘ಹಿ ಸ್ಟಾಪ್ಡ್ ಲವಿಂಗ್ ಹರ್ ಟುಡೇ’ಯನ್ನು ಬರೆದವರು ಬಾಬಿ ಬ್ರ್ಯಾಡಕ್ ಮತ್ತು ಕರ್ಲಿ ಪಟ್‌ಮನ್. ಸಾಯುವವರೆಗೂ ನಿನ್ನನ್ನು ಪ್ರೀತಿಸುತ್ತೇನೆ ಎಂದವನೊಬ್ಬ. ಗೋಡೆಯ ಮೇಲೆ ಅವಳ ಚಿತ್ರ, ಹಾಸಿಗೆಯ ಪಕ್ಕದಲ್ಲಿ ಅವಳ ಹಳೆಯ ಕಾಗದಗಳು. ಇಂದು ಅವನು ಪ್ರೀತಿಸುವುದನ್ನು ನಿಲ್ಲಿಸಿದ ಎಂದು ಪಲ್ಲವಿ ಹೇಳುತ್ತದೆ, ಬಾಗಿಲಿಗೆ ಹೂವಿನ ಹಾರ ಕಟ್ಟಿದ್ದಾರೆ ಎನ್ನುತ್ತದೆ. ಸತ್ತ ಎಂಬ ಮಾತನ್ನು ಹಾಡುಗಾರ ಆಡುವುದಿಲ್ಲ. ‘ಕೆರೆಗೆ ಹಾರ’ದಲ್ಲಿ ಭಾಗೀರಥಿ ಬಂಗಾರದ ಬಟ್ಟಲು ತರಲು ಕೆರೆಗೆ ಹಿಂದಿರುಗುವ ಭಾಗವನ್ನು ಕೇಳಿ ಬೆಳೆದ ನಿಮಗೆ ಇದನ್ನು ಇನ್ನೂ ಬಿಡಿಸಿ ಹೇಳಬೇಕಾಗಿಲ್ಲ.

ಬ್ರಾಡ್‌ವೇ ಬೀದಿಯ ಗದ್ದಲದಲ್ಲಿ ಹಾಡಿನ ಸಾಹಿತ್ಯ ಕಿವಿಗೆ ಬೀಳುವುದಿಲ್ಲ. ಗ್ರೀನ್ ಹಿಲ್ಸ್‌ನ ಬ್ಲೂಬರ್ಡ್ ಕೆಫೆಗೆ ಹೋಗಿ. ತೊಂಬತ್ತು ಜನ ಹಿಡಿಸುವ ಜಾಗ, ಹಾಡಿನ ನಡುವೆ ಮಾತಾಡಿದರೆ ಸುಮ್ಮನಿರಿಸುತ್ತಾರೆ. ಹಾಡು ಬರೆದವರೇ ಅಲ್ಲಿ ವೃತ್ತಾಕಾರದಲ್ಲಿ ಕುಳಿತು, ಅದು ಹುಟ್ಟಿದ ಬಗೆಯನ್ನು ಹೇಳಿ ಹಾಡುತ್ತಾರೆ. ಟಿಕೆಟ್ ಸಿಗುವುದು ಕಷ್ಟ, ಆದರೂ ಬಿಡಬೇಡಿ.

ಕಾರು ಕೊಂಡ ಮೇಲೆ ಬ್ರಿಸ್ಟಲ್‌ಗೂ ಹೋಗಿ ಬನ್ನಿ. ಟೆನೆಸ್ಸಿ ಮತ್ತು ವರ್ಜೀನಿಯಾ ರಾಜ್ಯಗಳ ಗಡಿ ಆ ಊರಿನ ಮುಖ್ಯ ಬೀದಿಯ ನಡುವೆಯೇ ಹಾದುಹೋಗುತ್ತದೆ. 1927ರ ಬೇಸಿಗೆಯಲ್ಲಿ ರೆಕಾರ್ಡ್ ಕಂಪನಿಯೊಂದರ ಪರವಾಗಿ ರಾಲ್ಫ್ ಪಿಯರ್ ಎಂಬವರು ಧ್ವನಿಮುದ್ರಣದ ಯಂತ್ರ ತಂದು ಅಲ್ಲಿ ಬೀಡುಬಿಟ್ಟರು. ಬೆಟ್ಟದ ಹಳ್ಳಿಯಿಂದ ಕಾರ್ಟರ್ ಕುಟುಂಬ ಬಂದು ಹಾಡಿತು. ತುಂಬು ಗರ್ಭಿಣಿ ಮೇಬೆಲ್ ಗಿಟಾರ್ ನುಡಿಸಿದರು. ಮುಂದೆ ಎ. ಪಿ. ಕಾರ್ಟರ್ ಹಾಡು ಹುಡುಕುತ್ತ ಊರೂರು ಅಲೆದಾಗ ಲೆಸ್ಲಿ ರಿಡಲ್ ಎಂಬ ಕಪ್ಪು ವರ್ಣದ ಗಿಟಾರ್ ವಾದಕ ಜೊತೆಗಿದ್ದರು. ಕಾರ್ಟರ್ ಸಾಹಿತ್ಯವನ್ನು ಬರೆದುಕೊಳ್ಳುತ್ತಿದ್ದರು, ರಿಡಲ್ ಮಟ್ಟನ್ನು ನೆನಪಿನಲ್ಲಿ ಹಿಡಿದು ತರುತ್ತಿದ್ದರು. ಇವರು ಅಲೆಯದಿದ್ದರೆ ಎಷ್ಟೋ ಹಾಡುಗಳು ಹಾಡಿದವರ ಜೊತೆಗೇ ಮಣ್ಣಾಗುತ್ತಿದ್ದವು.

ನಮ್ಮಲ್ಲಿ ಹಲಸಂಗಿಯ ಗೆಳೆಯರು, ಮಧುರಚೆನ್ನರು, ಸಿಂಪಿ ಲಿಂಗಣ್ಣನವರು, ಗರತಿಯರ ಹಾಡುಗಳನ್ನು ಬರೆದಿಟ್ಟದ್ದೂ ಹೆಚ್ಚುಕಡಿಮೆ ಅದೇ ಕಾಲದಲ್ಲಿ. ಹಲಸಂಗಿ ನಮ್ಮ ಊರಿಗೆ ದೂರವೇನಲ್ಲ, ಆದರೆ ನಮ್ಮ ಓಣಿಗೆ ಯಾರೂ ಬರಲಿಲ್ಲ. ನನ್ನ ಅಜ್ಜಿ ಬೀಸುವ ಕಲ್ಲಿನ ಮುಂದೆ ಕುಳಿತರೆ ಜೋಳ ಮುಗಿಯುವವರೆಗೂ ಹಾಡುತ್ತಿದ್ದಳು. ತವರಿಗೆ ಕಳಿಸದ ಅತ್ತೆ, ಬಾವಿಗೆ ಬಿದ್ದ ಸೊಸೆ, ಬರಗಾಲದಲ್ಲಿ ಎತ್ತು ಮಾರಿ ಹೊರಟ ಅಣ್ಣ. ಮೊದಲ ಸಂಬಳಗಳನ್ನು ಕೂಡಿಸಿ ಟೇಪ್ ರೆಕಾರ್ಡರ್ ಕೊಂಡು ಊರಿಗೆ ಹೋದಾಗ ಪಾರ್ಶ್ವವಾಯು ಆಕೆಯ ಮಾತನ್ನು ಕಸಿದುಕೊಂಡಿತ್ತು. ಎತ್ತು ಮಾರಿದ ಅಣ್ಣನ ಹಾಡಿನ ಮೊದಲ ಕೆಲವು ಸಾಲುಗಳು ನನ್ನ ತಾಯಿಗೆ ಬರುತ್ತವೆ. ಅವನು ಮನೆಗೆ ಮರಳಿದನೋ ಇಲ್ಲವೋ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಇಷ್ಟು ವರ್ಷ ಇಲ್ಲಿದ್ದು, ಪರರ ಅಜ್ಜಿಯರ ಹಾಡುಗಳನ್ನು ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಗಳಲ್ಲಿ ನೋಡುವಾಗಲೆಲ್ಲ ನನ್ನನ್ನು ಕಾಡುವುದು ಆ ಅಣ್ಣನೇ.

ನಿಮ್ಮ ಅಜ್ಜಿ ಇನ್ನೂ ಇದ್ದಾರೆಂದು ಬರೆದಿದ್ದೀರಿ. ಪೆಟ್ಟಿಗೆ ತುಂಬುವ ಮೊದಲು ಅವರ ಬಳಿ ಕುಳಿತುಕೊಳ್ಳಿ. ಹಾಡು ಎಂದರೆ ನಾಚಿಕೊಳ್ಳುತ್ತಾರೆ; ಮೊರದಲ್ಲಿ ಕಾಳು ಕೊಡಿ, ಕೈ ಆಡಿದರೆ ಹಾಡು ಬರುತ್ತದೆ. ಫ್ಯಾನ್ ಆರಿಸಿ, ಮೊಬೈಲ್ ಹತ್ತಿರವಿಡಿ, ತಡೆದು ಅರ್ಥ ಕೇಳಬೇಡಿ. ಹಾಡು ಮುಗಿದ ಮೇಲೆ ಯಾರಿಂದ ಕಲಿತದ್ದು ಎಂದು ಕೇಳಿ, ಅದನ್ನೂ ಧ್ವನಿಮುದ್ರಿಸಿಕೊಳ್ಳಿ. ಒಂದು ಪ್ರತಿಯನ್ನು ಮನೆಯಲ್ಲಿ ಬಿಟ್ಟು ಬನ್ನಿ.

ವಿಮಾನದ ವಿವರ ಕಳಿಸಿ, ನಿಲ್ದಾಣಕ್ಕೆ ನಾನೇ ಬರುತ್ತೇನೆ. ಮನೆ ಸಿಗುವವರೆಗೆ ನಮ್ಮಲ್ಲೇ ಇರಿ. ಜೋಳದ ಹಿಟ್ಟು ಇಲ್ಲಿ ಸಿಗುತ್ತದೆ. ಶೇಂಗಾ ಚಟ್ನಿ ಮಾತ್ರ ಊರಿನದೇ ಆಗಬೇಕು, ತನ್ನಿ.