ಊರಿನವರು ಸೇರಿ ಸಮಿತಿ ಮಾಡಿದರೆ ಹುಡುಗರನ್ನು ಗಾಂಜಾ, ಮಾತ್ರೆಯ ಚಟದಿಂದ ಉಳಿಸಬಹುದಾ?

ನೀವು ಕೇಳಿದ್ದು ಇಷ್ಟು: ನಿಮ್ಮ ತಾಲ್ಲೂಕು ಕೇಂದ್ರದಲ್ಲಿ ಹೈಸ್ಕೂಲು, ಪಿಯು ಹುಡುಗರು ಗಾಂಜಾ, ಮಾತ್ರೆ, ಗುಟ್ಕಾ ಅಂತ ದಾರಿ ತಪ್ಪುತ್ತಿದ್ದಾರೆ. ಪೋಷಕರು, ಮೇಷ್ಟ್ರುಗಳು, ಸಂಘದವರು ಸೇರಿ ಒಂದು ಸಮಿತಿ ಮಾಡಬೇಕು ಅಂತಿದ್ದೀರಿ. ಜಾಥಾ, ಭಾಷಣ, ಪ್ರತಿಜ್ಞಾವಿಧಿ ಬಿಟ್ಟು ಇನ್ನೇನು ಮಾಡಬೇಕು, ಇದರಿಂದ ನಿಜಕ್ಕೂ ಉಪಯೋಗ ಇದೆಯಾ?

ಇದೆ. ಆದರೆ ಹುಡುಗರಿಗೆ ಬುದ್ಧಿ ಹೇಳುವುದೇ ಸಮಿತಿಯ ಕೆಲಸ ಅಂದುಕೊಂಡರೆ ಇಲ್ಲ. ದೊಡ್ಡವರು ದೊಡ್ಡವರ ಜೊತೆಗೇ ಮುಖ ಕೆಡಿಸಿಕೊಳ್ಳಲು ತಯಾರಿದ್ದರೆ ಮಾತ್ರ ಇದೆ.

ನಾನು ತಾಲ್ಲೂಕು ಕೇಂದ್ರವೊಂದರಲ್ಲಿ ಮೆಡಿಕಲ್ ಶಾಪ್ ನಡೆಸುವವನು. ಬಸ್ ಸ್ಟ್ಯಾಂಡಿಗೂ ಜೂನಿಯರ್ ಕಾಲೇಜಿಗೂ ನಡುವೆ ಅಂಗಡಿ. ನಮ್ಮಲ್ಲೂ ಇಂಥದೊಂದು ಸಮಿತಿ ಇದೆ, ಅದರಲ್ಲಿ ನಾನೂ ಒಬ್ಬ. ಹಾಗಾಗಿ ಕೌಂಟರಿನ ಈಚೆ ನಿಂತು ಕಂಡಿದ್ದನ್ನೇ ಮೊದಲು ಹೇಳುತ್ತೇನೆ.

ಹುಡುಗರು ಚೀಟಿ ತರುವುದಿಲ್ಲ, ಮೊಬೈಲಿನಲ್ಲಿ ಚೀಟಿಯ ಫೋಟೊ ತೋರಿಸುತ್ತಾರೆ. ತಾರೀಕಿನ ಜಾಗದ ಮೇಲೆ ಹೆಬ್ಬೆರಳು ಇರುತ್ತದೆ. 'ಅಜ್ಜಿಗೆ ನಿದ್ದೆ ಬರಲ್ಲ ಅಂಕಲ್, ಡಾಕ್ಟ್ರು ಇದೇ ಬರ್ಕೊಟ್ಟಿರೋದು.' ಅಜ್ಜಿ ಒಬ್ಬಳೇ, ಮೊಮ್ಮಕ್ಕಳು ಮಾತ್ರ ದಿನಕ್ಕೊಬ್ಬರು. ನಾನು ಇಲ್ಲ ಅಂದರೆ ಅವನಿಗೇನೂ ನಷ್ಟವಿಲ್ಲ. ನಾಲ್ಕು ಅಂಗಡಿ ಆಚೆ ಇನ್ನೊಂದು ಮೆಡಿಕಲ್ ಇದೆ. ನಾನು ಒಳ್ಳೆಯವನು ಅನ್ನಿಸಿಕೊಂಡೆ, ಮಾತ್ರೆ ಅವನ ಜೇಬಿಗೆ ಹೋಯಿತು. ಸಮಿತಿ ಬೇಕಾಗುವುದು ಇಲ್ಲಿಗೇ. ಒಬ್ಬನೇ ಬಾಗಿಲು ಹಾಕಿದರೆ ವ್ಯಾಪಾರ ಪಕ್ಕಕ್ಕೆ ಸರಿಯುತ್ತದೆ, ಎಲ್ಲರೂ ಒಟ್ಟಿಗೆ ಹಾಕಿದರೆ ಕಡಿಮೆಯಾಗುತ್ತದೆ. ನಿದ್ದೆ ಮಾತ್ರೆಯಂಥ, ಚೀಟಿಯಿಲ್ಲದೆ ಕೊಡಬಾರದ ಶೆಡ್ಯೂಲ್ ಎಚ್1 ಪಟ್ಟಿಯ ಔಷಧಿಗಳಿಗೆ ವೈದ್ಯರ ಹೆಸರು, ರೋಗಿಯ ಹೆಸರು, ಕೊಟ್ಟ ಪ್ರಮಾಣ ಎಲ್ಲವನ್ನೂ ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಟ್ಟಿರಬೇಕು ಎಂಬ ನಿಯಮ 2014ರಿಂದಲೇ ಇದೆ. ಅದನ್ನು ಊರಿನ ಎಲ್ಲ ಮೆಡಿಕಲ್ಲುಗಳೂ ನೆಟ್ಟಗೆ ಬರೆಯುವಂತೆ ಮಾಡುವುದು ಸಮಿತಿಯ ಕೈಲಿ ಆಗುವ ಕೆಲಸ. ನಾವು ಅಂಗಡಿಯವರೇ ಒಂದು ವಾಟ್ಸ್‌ಆಪ್ ಗುಂಪು ಮಾಡಿಕೊಂಡಿದ್ದೇವೆ. ಒಂದೇ ಚೀಟಿ ಎರಡು ಕಡೆ ಕಂಡರೆ ಅಲ್ಲಿ ತಿಳಿಸುತ್ತೇವೆ. ಚೀಟಿಯ ವಿಷಯ ಮಾತ್ರ. ಹುಡುಗನ ಹೆಸರಾಗಲಿ ಫೋಟೊ ಆಗಲಿ ಹಾಕುವಂತಿಲ್ಲ ಅಂತ ಮೊದಲೇ ಮಾತಾಗಿದೆ.

ಇನ್ನು ಜಾಥಾ. ಪ್ರತಿ ಜೂನ್ 26ಕ್ಕೆ, ಮಾದಕ ವಸ್ತು ವಿರೋಧಿ ದಿನ ಅಂತ, ಬ್ಯಾಂಡ್ ಬಾರಿಸಿಕೊಂಡು ಮಕ್ಕಳು ನನ್ನ ಅಂಗಡಿ ಮುಂದೆಯೇ ಹೋಗುತ್ತಾರೆ. ಬಿಸಿಲಲ್ಲಿ ನಿಲ್ಲಿಸಿ ಭಾಷಣ, ಕೈ ಮುಂದೆ ಮಾಡಿ ಪ್ರತಿಜ್ಞೆ, ಬಾಳೆಹಣ್ಣು, ಮನೆ. ಪ್ರತಿಜ್ಞೆಯೇ ದಂಡ ಅನ್ನುತ್ತಿಲ್ಲ. ಇಳಕಲ್ಲಿನ ಮಹಾಂತ ಶ್ರೀಗಳು ಹೆಗಲಿಗೆ ಜೋಳಿಗೆ ಹಾಕಿಕೊಂಡು ಊರೂರು, ಕೇರಿ ಕೇರಿ ತಿರುಗಿ ಜನರ ದುಶ್ಚಟಗಳನ್ನು ಭಿಕ್ಷೆ ಬೇಡಿದರು. ಅವರು ಹುಟ್ಟಿದ ಆಗಸ್ಟ್ 1ನ್ನು ರಾಜ್ಯದಲ್ಲಿ ವ್ಯಸನಮುಕ್ತ ದಿನವಾಗಿ ಆಚರಿಸುತ್ತಾರೆ. ಅಲ್ಲಿ ಸ್ವಾಮಿಗಳು ಒಬ್ಬೊಬ್ಬರ ಮುಂದೆಯೂ ನಿಂತು ಕೇಳುತ್ತಿದ್ದರು, ಕೊಟ್ಟವನು ನಾಲ್ಕು ಜನರೆದುರು ಮಾತು ಕೊಡುತ್ತಿದ್ದ. ಮೈದಾನದಲ್ಲಿ ಐನೂರು ಮಕ್ಕಳು ಒಟ್ಟಿಗೆ ಕೂಗುವ ಪ್ರತಿಜ್ಞೆಯಲ್ಲಿ ಯಾರೂ ಯಾರಿಗೂ ಮಾತು ಕೊಟ್ಟಿರುವುದಿಲ್ಲ.

ಬರೀ ಪಾಠದಿಂದ ಆಗುವುದಿಲ್ಲ ಅನ್ನುವುದಕ್ಕೆ ಅಮೆರಿಕದಲ್ಲಿ ದೊಡ್ಡ ಪುರಾವೆಯೇ ಇದೆ. 1983ರಲ್ಲಿ ಲಾಸ್ ಏಂಜಲೀಸ್‌ನಲ್ಲಿ 'ಡೇರ್' ಅಂತ ಒಂದು ಕಾರ್ಯಕ್ರಮ ಶುರುವಾಯಿತು. ಪೊಲೀಸರೇ ಸಮವಸ್ತ್ರದಲ್ಲಿ ತರಗತಿಗೆ ಬಂದು ಡ್ರಗ್ಸ್ ಬೇಡ ಅನ್ನುವುದನ್ನು ಕಲಿಸುತ್ತಿದ್ದರು. ದೇಶವೆಲ್ಲ ಹಬ್ಬಿತು, ಪೋಷಕರಿಗೂ ಖುಷಿ, ಇಲಾಖೆಗೂ ಖುಷಿ. ಆಮೇಲೆ ಅಧ್ಯಯನಗಳು ಬಂದವು. ಪಾಠ ಕೇಳಿದ ಮಕ್ಕಳಿಗೂ ಕೇಳದವರಿಗೂ ಚಟದ ವಿಷಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ನಮ್ಮಲ್ಲಿ ಬರುವ ಕೆಲವು ಭಾಷಣಕಾರರು ಇನ್ನೂ ಒಂದು ಹೆಜ್ಜೆ ಮುಂದೆ. ಯಾವ ಮಾತ್ರೆ, ಯಾವ ಬಣ್ಣ, ಹೇಗೆ ತಗೊಳ್ತಾರೆ ಅಂತ ಪವರ್‌ಪಾಯಿಂಟಿನಲ್ಲಿ ತೋರಿಸುತ್ತಾರೆ. ಹಿಂದಿನ ಬೆಂಚಿನವರು ಅದನ್ನು ಬರೆದುಕೊಳ್ಳುವುದೊಂದು ಬಾಕಿ. ದಯವಿಟ್ಟು ಅಂಥವರನ್ನು ಕರೆಸಬೇಡಿ.

ಫಲ ಸಿಕ್ಕಿದ್ದು ಎಲ್ಲಿ ಅಂದರೆ ಎಲ್ಲರೂ ತೋರಿಸುವುದು ಐಸ್‌ಲ್ಯಾಂಡ್ ದೇಶವನ್ನು. ಇಡೀ ದೇಶದ ಜನಸಂಖ್ಯೆ ನಾಲ್ಕು ಲಕ್ಷದ ಆಸುಪಾಸು, ನಮ್ಮ ಒಂದು ದೊಡ್ಡ ತಾಲ್ಲೂಕಿನಷ್ಟು. 1998ರಲ್ಲಿ ಅಲ್ಲಿ 15-16 ವಯಸ್ಸಿನ ಮಕ್ಕಳಲ್ಲಿ ಶೇ 42ರಷ್ಟು ಮಂದಿ ಹಿಂದಿನ ಒಂದು ತಿಂಗಳಲ್ಲಿ ಅಮಲೇರುವಷ್ಟು ಕುಡಿದಿದ್ದರು. 2016ರ ಹೊತ್ತಿಗೆ ಅದು ಶೇ 5ಕ್ಕೆ ಇಳಿಯಿತು. ದಿನಾ ಸಿಗರೇಟು ಸೇದುವವರು ಶೇ 23ರಿಂದ 3ಕ್ಕೆ, ಒಮ್ಮೆಯಾದರೂ ಗಾಂಜಾ ಮುಟ್ಟಿದವರು ಶೇ 17ರಿಂದ 7ಕ್ಕೆ ಬಂದರು. ಯುರೋಪಿನ ಬೇರೆ ದೇಶಗಳಲ್ಲೂ ಅದೇ ಹೊತ್ತಿಗೆ ಹುಡುಗರ ಕುಡಿತ ಇಳಿಯುತ್ತಿತ್ತು, ಹಾಗಾಗಿ ಎಲ್ಲ ಪುಣ್ಯವನ್ನೂ ಒಂದೇ ಕಾರ್ಯಕ್ರಮಕ್ಕೆ ಕಟ್ಟುವುದು ಸರಿಯಲ್ಲ ಅನ್ನುವವರಿದ್ದಾರೆ. ಇರಲಿ, ಆದರೂ ಇದು ಸಣ್ಣ ಇಳಿತವಲ್ಲ.

ಅವರು ಮಾಡಿದ್ದು ನೋಡಿ. ಹೆಚ್ಚಿನದು ಮಕ್ಕಳಿಗೆ ಹೇಳಿದ್ದಲ್ಲ, ಮಕ್ಕಳ ಸುತ್ತ ಮಾಡಿದ್ದು. ತಂಬಾಕಿಗೆ 18, ಮದ್ಯಕ್ಕೆ 20 ವರ್ಷದ ಮಿತಿ. 13ರಿಂದ 16ರ ಮಕ್ಕಳು ಚಳಿಗಾಲದಲ್ಲಿ ರಾತ್ರಿ ಹತ್ತರ ಮೇಲೆ, ಬೇಸಿಗೆಯಲ್ಲಿ ಹನ್ನೆರಡರ ಮೇಲೆ ಒಂಟಿಯಾಗಿ ಹೊರಗಿರುವಂತಿಲ್ಲ. ಒಂದು ಶಾಲೆಯ ಪೋಷಕರೆಲ್ಲ ಕೂತು ಒಪ್ಪಂದಕ್ಕೆ ಸಹಿ ಹಾಕಿದರು: ನಮ್ಮ ಮನೇಲಿ ದೊಡ್ಡವರಿಲ್ಲದ ಪಾರ್ಟಿ ಇಲ್ಲ, ಅಪ್ರಾಪ್ತರಿಗೆ ಮದ್ಯ ತಂದುಕೊಡುವುದಿಲ್ಲ, ನಿಮ್ಮ ಮಗ ಕಂಡರೆ ನಾನೂ ಕಣ್ಣಿಡುತ್ತೇನೆ. ವಾರಾಂತ್ಯದ ರಾತ್ರಿ ಅಪ್ಪ ಅಮ್ಮಂದಿರೇ ಬೀದಿಯಲ್ಲಿ ಸುತ್ತು ಹಾಕಿದರು. ಆಟ, ಸಂಗೀತ, ಕುಣಿತದ ತರಬೇತಿಗೆ ಸರ್ಕಾರದ ದುಡ್ಡು ಬಂತು. ರಾಜಧಾನಿ ರೇಕ್ಯಾವಿಕ್‌ನಲ್ಲಿ ಪ್ರತಿ ಮಗುವಿನ ಹೆಸರಿಗೂ ಇಷ್ಟು ಹಣ ಅಂತ ಒಂದು ಕಾರ್ಡೇ ಕೊಟ್ಟರು. ವಾರಕ್ಕೆ ನಾಲ್ಕು ಸಲವಾದರೂ ಸಂಘಟಿತ ಕ್ರೀಡೆಯಲ್ಲಿ ಇರುವ ಮಕ್ಕಳು 1997ರಲ್ಲಿ ಶೇ 24 ಇದ್ದರು, 2012ಕ್ಕೆ 42 ಆದರು. ಇದರ ಜೊತೆಗೆ, ಮಕ್ಕಳು ಹೆಸರು ಬರೆಯದೆ ತುಂಬುವ ಸಮೀಕ್ಷೆಯನ್ನು ತಪ್ಪದೆ ಮಾಡಿ ಫಲಿತಾಂಶವನ್ನು ಆಯಾ ಊರಿನವರ ಕೈಗೇ ಕೊಟ್ಟರು.

ಇದನ್ನು ನಮ್ಮೂರಿಗೆ ಇಳಿಸುವುದು ಹೇಗೆ? ರಾತ್ರಿ ಹತ್ತು ಗಂಟೆ ನಮ್ಮ ಸಮಸ್ಯೆ ಅಲ್ಲ. ಕಾಲೇಜು ಬಿಟ್ಟ ನಾಲ್ಕೂವರೆಯಿಂದ ಎಂಟರವರೆಗಿನ ಹೊತ್ತು ನಮ್ಮ ಸಮಸ್ಯೆ. ಅಪ್ಪ ಗಾರೆ ಕೆಲಸಕ್ಕೋ ಮಂಡಿಗೋ ಹೋಗಿರುತ್ತಾನೆ, ಅಮ್ಮ ಗಾರ್ಮೆಂಟ್ಸಿನಿಂದ ಬಂದಿರುವುದಿಲ್ಲ. ಟ್ಯೂಷನ್ ಫೀಸು ಕಟ್ಟಬಲ್ಲವರು ಟ್ಯೂಷನ್ನಿಗೆ, ಉಳಿದವರು ಕೆರೆ ಏರಿಗೆ. ನಮ್ಮೂರಲ್ಲಿ ಶಾಲಾ ಮೈದಾನದ ಗೇಟಿಗೆ ಐದು ಗಂಟೆಗೆ ಬೀಗ. ಕುಡುಕರು ಬಂದು ಬಾಟಲಿ ಒಡೀತಾರೆ ಅನ್ನುವುದು ಶಾಲೆಯವರ ಅಳಲು, ಅದೂ ಸುಳ್ಳಲ್ಲ. ಸಮಿತಿ ಅತಿ ಹೆಚ್ಚು ತಲೆ ಕೆಡಿಸಿಕೊಂಡಿದ್ದು ಆ ಬೀಗದ ಕೈ ಯಾರ ಹತ್ತಿರ ಇರಬೇಕು ಅನ್ನುವುದಕ್ಕೆ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆ, ಪುರಸಭೆಗೆ ಅರ್ಜಿ, ಕರೆಂಟ್ ಬಿಲ್ ಯಾರು ಕಟ್ಟಬೇಕು ಅಂತ ವಾದ. ಕೊನೆಗೆ ಎಂಟರವರೆಗೆ ಒಂದು ಲೈಟು, ಒಂದು ವಾಲಿಬಾಲ್ ನೆಟ್ಟು, ಕೀಲಿಗೆ ಇಬ್ಬರು ಹೊಣೆಗಾರರು ಅಂತಾಯಿತು. ಕೇಳಲು ಚಿಲ್ಲರೆ ವಿಷಯ ಅನ್ನಿಸಬಹುದು, ಆದರೆ ಹತ್ತು ಜಾಥಾಕ್ಕಿಂತ ಇದು ಮೇಲು ಅಂತ ನನಗನ್ನಿಸುತ್ತದೆ. ಹುಡುಗಿಯರಿಗೆ ಮಾತ್ರ ಆ ಮೈದಾನದಲ್ಲಿ ಈಗಲೂ ಜಾಗವಿಲ್ಲ. ಆ ಜಗಳ ಬಾಕಿ ಇದೆ.

ಬೀಡಾ ಅಂಗಡಿ ವಿಷಯಕ್ಕೆ ಬನ್ನಿ. ಕಾನೂನು ನಿಮ್ಮ ಪರವಾಗಿ ಬಲವಾಗಿದೆ. 2025ರ ಮೇ ತಿಂಗಳಲ್ಲಿ ರಾಷ್ಟ್ರಪತಿಗಳ ಅಂಕಿತ ಬಿದ್ದ ಕರ್ನಾಟಕದ ತಂಬಾಕು ಕಾಯ್ದೆ ತಿದ್ದುಪಡಿ ಪ್ರಕಾರ 21 ವರ್ಷದೊಳಗಿನವರಿಗೆ ತಂಬಾಕು ಮಾರುವಂತಿಲ್ಲ, ಶಾಲೆ ಕಾಲೇಜಿನ 100 ಮೀಟರ್ ಒಳಗೆ ಯಾರಿಗೂ ಮಾರುವಂತಿಲ್ಲ. ಗುಟ್ಕಾ ನಿಷೇಧವಾಗಿ 2013ರಿಂದ ಇಷ್ಟು ವರ್ಷವಾಯಿತು. ಈಗ ಪಾನ್ ಮಸಾಲ ಒಂದು ಸ್ಯಾಚೆ, ತಂಬಾಕು ಇನ್ನೊಂದು ಸ್ಯಾಚೆ, ಎರಡನ್ನೂ ಅಂಗೈಯಲ್ಲಿ ಸುರಿದುಕೊಂಡು ಬೆರೆಸಿದರೆ ಆಯಿತು. ಮಕ್ಕಳಿಗೆ ಮದ್ಯ, ತಂಬಾಕು, ಮಾದಕ ವಸ್ತು ಕೊಟ್ಟವರಿಗೆ ಬಾಲನ್ಯಾಯ ಕಾಯ್ದೆಯ 77ನೇ ಕಲಮಿನಲ್ಲಿ ಏಳು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಇದೆ. ಇದು ಎಷ್ಟೋ ಅಂಗಡಿಯವರಿಗೆ ಗೊತ್ತೇ ಇಲ್ಲ.

ಆದರೆ ಮೊದಲ ಸಲವೇ ಪೊಲೀಸರನ್ನು ಕರೆದುಕೊಂಡು ಹೋಗಬೇಡಿ. ನಾವು ಹೋದಾಗ ಕಾಲೇಜು ಗೇಟಿನ ಹತ್ತಿರ ಗೂಡಂಗಡಿ ಇಟ್ಟ ಹೆಂಗಸು ಸಿಟ್ಟಾಗಲಿಲ್ಲ, ಅಳಲೂ ಇಲ್ಲ. 'ಅಣ್ಣಾ, ನಾ ಕೊಡಲ್ಲ ಅಂದ್ರೆ ಆ ಕಡೆಯೋನು ಕೊಡ್ತಾನೆ. ಮೊದ್ಲು ಅವನ ಹತ್ರ ಹೋಗಿ ಬನ್ನಿ, ಅವನು ನಿಲ್ಸಿದ ದಿನ ನಾನೂ ನಿಲ್ಸ್ತೀನಿ' ಅಂದಳು. ನನ್ನ ಮೆಡಿಕಲ್ಲಿನ ಕತೆಯೇ ಇದು. ಅದಕ್ಕೇ ಆ ಬೀದಿಯ ಎಲ್ಲ ಅಂಗಡಿಯವರನ್ನೂ ಒಂದೇ ದಿನ ಒಂದೇ ಕಡೆ ಕೂರಿಸಿ ಮಾತಾಡಿ. ಪಂಚರ್ ಅಂಗಡಿ, ಹಾರ್ಡ್‌ವೇರ್, ಸ್ಟೇಷನರಿಯವರನ್ನೂ ಕರೆಯಿರಿ. ಪಂಚರ್ ಅಂಟು (ಸಲ್ಯೂಷನ್), ಪೇಂಟಿನ ತಿನ್ನರ್ ಮೂಸುವ ಚಟ ಸಣ್ಣ ಮಕ್ಕಳದ್ದು. 2019ರಲ್ಲಿ ಪ್ರಕಟವಾದ ಏಮ್ಸ್‌ನ ರಾಷ್ಟ್ರೀಯ ಸಮೀಕ್ಷೆಯಲ್ಲಿ ದೊಡ್ಡವರಿಗಿಂತ ಮಕ್ಕಳಲ್ಲೇ ಪ್ರಮಾಣ ಹೆಚ್ಚು ಕಂಡಿದ್ದು ಇದೊಂದರಲ್ಲಿ ಮಾತ್ರ. ಗಾಂಜಾ ಗಾಂಜಾ ಅಂತ ಕೂಗುವಾಗ ಇದು ಯಾರ ಕಣ್ಣಿಗೂ ಬೀಳುವುದಿಲ್ಲ.

ಸಮಿತಿಯಲ್ಲಿ ಯಾರಿರಬೇಕು? ಅಮೆರಿಕದಲ್ಲಿ 1997ರ ಕಾಯ್ದೆಯಡಿ ಊರಿನ ಒಕ್ಕೂಟಗಳಿಗೆ ಅನುದಾನ ಕೊಡುವ ಯೋಜನೆ ಇದೆ. ದುಡ್ಡು ಬೇಕಾದರೆ 12 ವರ್ಗದ ಜನ ಒಕ್ಕೂಟದಲ್ಲಿ ಇರಲೇಬೇಕು: ಶಾಲೆ, ಪೋಷಕರು, ಪೊಲೀಸ್, ವೈದ್ಯಕೀಯ, ಧಾರ್ಮಿಕ ಸಂಸ್ಥೆ, ಮಾಧ್ಯಮ, ವ್ಯಾಪಾರಸ್ಥರು, ಹೀಗೆ. ಅದರಲ್ಲಿ ಯುವಜನರೂ ಒಂದು ವರ್ಗ. ನಮ್ಮಲ್ಲಿ ಹುಡುಗರನ್ನು ಕುರ್ಚಿ ಹಾಕಲು ಕರೆಯುತ್ತೇವೆ, ಕುರ್ಚಿಯಲ್ಲಿ ಕೂರಲು ಕರೆಯುವುದಿಲ್ಲ. ಎಲ್ಲಿ ಏನು ಸಿಗುತ್ತದೆ ಅನ್ನುವುದು ಇನ್‌ಸ್ಪೆಕ್ಟರಿಗಿಂತ ಮೊದಲು ಗೊತ್ತಿರುವುದು ಅವರಿಗೆ. ಆದರೆ ಅವರಿಂದ ಚಾಡಿ ಹೇಳಿಸಬೇಡಿ. ಅದು ಅವರ ಜೀವಕ್ಕೂ ಕುತ್ತು.

ಬಾರ್ ಮಾಲೀಕರ ದುಡ್ಡು ಅಂತ ಒಂದು ತೊಡಕು ಬಂದೇ ಬರುತ್ತದೆ. ಗಣೇಶನ ಹಬ್ಬದ ಆರ್ಕೆಸ್ಟ್ರಾ, ಕ್ರಿಕೆಟ್ ಟೂರ್ನಿಯ ಮೊದಲ ಬಹುಮಾನ, ಕಬಡ್ಡಿಯ ಬನಿಯನ್ನು ಎಲ್ಲವೂ ಅವರದೇ. ನಾಳೆ ನಿಮ್ಮ ಸಮಿತಿಗೂ ಐದು ಸಾವಿರ ಕೊಡುತ್ತೇನೆ ಅನ್ನುತ್ತಾರೆ, ಒಳ್ಳೆಯ ಮನಸ್ಸಿನಿಂದಲೇ ಅನ್ನಬಹುದು. ತಗೋಬೇಡಿ. ತಗೊಂಡ ಮೇಲೆ 'ವಯಸ್ಸು ನೋಡದೆ ಪಾರ್ಸಲ್ ಕೊಡ್ತಿದ್ದೀರಲ್ಲ' ಅಂತ ಕೇಳಲು ಬಾಯಿ ಬರುವುದಿಲ್ಲ. ರಾಜಕೀಯದವರ ಫ್ಲೆಕ್ಸಿಗೂ ಇದೇ ಮಾತು.

ಸಮೀಕ್ಷೆಯನ್ನು ಬಿಡಬೇಡಿ. ಒಂದು ಹಾಳೆ, ಹತ್ತು ಪ್ರಶ್ನೆ, ಹೆಸರಿಲ್ಲ, ರೋಲ್ ನಂಬರಿಲ್ಲ. ಶಾಲೆಯ, ಪೋಷಕರ ಒಪ್ಪಿಗೆ ಪಡೆದು, ಕ್ಲಾಸ್ ಟೀಚರ್ ಅಲ್ಲದ ಬೇರೆಯವರು ಮಾಡಬೇಕು. ಮಡಚಿ ಡಬ್ಬಕ್ಕೆ ಹಾಕಿಸಿ. ಯಾವ ಕಾಲೇಜಿನಲ್ಲಿ ಎಷ್ಟು ಅಂತ ಪೇಪರಿಗೆ ಕೊಡುವುದಿಲ್ಲ ಅಂತ ಪ್ರಿನ್ಸಿಪಾಲರಿಗೆ ಮೊದಲೇ ಭರವಸೆ ಕೊಡಿ, ಇಲ್ಲದಿದ್ದರೆ ಒಳಗೇ ಬಿಡುವುದಿಲ್ಲ. ಬಹಳಷ್ಟು ಹುಡುಗರು 'ಎಲ್ಲರೂ ಹೊಡೀತಾರೆ, ನಾನೊಬ್ಬನೇ ಬಿಟ್ಟಿರೋದು' ಅಂದುಕೊಂಡಿರುತ್ತಾರೆ. ಮುಟ್ಟದವರೇ ಹೆಚ್ಚು ಅಂತ ಅವರದೇ ಹಾಳೆಗಳಿಂದ ಗೊತ್ತಾದರೆ ಅದರ ತೂಕವೇ ಬೇರೆ.

ಆಗಲೇ ಚಟಕ್ಕೆ ಬಿದ್ದವನನ್ನು ಏನು ಮಾಡುವುದು ಅಂತ ನೀವು ಕೇಳಿಲ್ಲ, ಆದರೆ ಸಮಿತಿ ಶುರುವಾದ ಮರುವಾರವೇ ಒಬ್ಬ ತಾಯಿ ನಿಮ್ಮ ಬಾಗಿಲಿಗೆ ಬರುತ್ತಾಳೆ. ಅವನ ವಿಡಿಯೊ ಮಾಡುವುದು, ಕಂಬಕ್ಕೆ ಕಟ್ಟುವುದು, ಟಿಸಿ ಕೊಟ್ಟು ಕಳಿಸುವುದು ಇವೆಲ್ಲ ಅವನನ್ನು ಮಾರುವವನ ಮಡಿಲಿಗೇ ದೂಡುತ್ತವೆ. ಸ್ವಲ್ಪ ಪ್ರಮಾಣದೊಂದಿಗೆ ಸಿಕ್ಕಿಬಿದ್ದ ವ್ಯಸನಿ ತಾನಾಗಿ ಚಿಕಿತ್ಸೆಗೆ ಒಪ್ಪಿದರೆ ಮೊಕದ್ದಮೆಯಿಂದ ವಿನಾಯಿತಿ ಕೊಡಲು ಮಾದಕ ವಸ್ತು ತಡೆಯ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಮಿನಲ್ಲೇ ದಾರಿ ಇದೆ. ನಿಮ್ಮ ಸಮಿತಿಯಲ್ಲಿ ಒಬ್ಬ ವಕೀಲರಿದ್ದರೆ ಇದನ್ನು ಠಾಣೆಯಲ್ಲಿ ಮಾತಾಡಿಟ್ಟಿರಲಿ. ಚಟ ಬಿಡಿಸುವ ರಾಷ್ಟ್ರೀಯ ಸಹಾಯವಾಣಿ 14446, ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416, ಎರಡಕ್ಕೂ ದುಡ್ಡಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ಕೇಂದ್ರವಿದೆ, ಆದರೆ ಎಲ್ಲರೂ ಅಲ್ಲಿವರೆಗೆ ಹೋಗಬೇಕಿಲ್ಲ. ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಏರ್ಪಾಡಿದೆ. ನಿಮ್ಮಲ್ಲಿ ಯಾವ ಮಂಗಳವಾರ, ಯಾವ ಕೊಠಡಿ ಅಂತ ಮೊದಲ ಸಭೆಗೆ ಮುಂಚೆಯೇ ಆಸ್ಪತ್ರೆಗೆ ಹೋಗಿ ವಿಚಾರಿಸಿಕೊಂಡು ಬನ್ನಿ. ಆ ತಾಯಿಯ ಜೊತೆ ಓಪಿಡಿ ಸಾಲಿನಲ್ಲಿ ನಿಲ್ಲುವವರು ಯಾರು ಅನ್ನುವುದನ್ನೂ ಅಧ್ಯಕ್ಷರು ಯಾರು ಅನ್ನುವುದಕ್ಕಿಂತ ಮೊದಲು ತೀರ್ಮಾನಿಸಿ.