ಮಂಡಕಳ್ಳಿಯಿಂದ ಬೆಂಡೆಕಾಯಿ ದುಬೈಗೆ ಹಾರೀತೇ?

ಪ್ರಶ್ನೆ: ನಾವು ಕೆಲವು ರೈತರು ಸೇರಿ ಬೆಂಡೆ, ತೊಂಡೆ, ಹಸಿಮೆಣಸಿನಕಾಯಿ ಬೆಳೆಯುತ್ತೇವೆ. ಮಾಲು ದುಬೈಗೆ ಹೋಗುತ್ತದೆ ಎಂದು ವ್ಯಾಪಾರಿ ಹೇಳುತ್ತಾರೆ, ನಮಗೆ ಸಿಗುವುದು ಮಂಡಿ ಬೆಲೆ ಮಾತ್ರ. ಮೈಸೂರು ವಿಮಾನ ನಿಲ್ದಾಣದ ರನ್‌ವೇ ಉದ್ದವಾದರೆ ನಮ್ಮ ತರಕಾರಿ ಇಲ್ಲಿಂದಲೇ ವಿಮಾನ ಹತ್ತುತ್ತದೆಯೇ?
(ರೈತರೊಬ್ಬರು, ಶ್ರೀರಂಗಪಟ್ಟಣ ತಾಲ್ಲೂಕು)

ಉತ್ತರ: ರನ್‌ವೇ ಬೇಕು, ಆದರೆ ಅದನ್ನೇ ನಂಬಿ ಕೂರಬೇಡಿ. ಮೈಸೂರು ನಿಲ್ದಾಣವಿರುವ ಮಂಡಕಳ್ಳಿಯ ರನ್‌ವೇ ಈಗ 1,740 ಮೀಟರ್ ಇದೆ. ಎಪ್ಪತ್ತೆಂಬತ್ತು ಆಸನಗಳ ಎಟಿಆರ್ ವಿಮಾನಕ್ಕೆ ಅಷ್ಟು ಸಾಕು. ಆದರೆ ಪ್ರಯಾಣಿಕರ ಪೆಟ್ಟಿಗೆಗಳನ್ನು ಇಟ್ಟ ಮೇಲೆ ಅದರಲ್ಲಿ ಸರಕಿಗೆ ಉಳಿಯುವ ಜಾಗ ಅಲ್ಪ. ದೊಡ್ಡ ವಿಮಾನಗಳಲ್ಲಿ ಬಳಸುವ ಸರಕು ಕಂಟೇನರ್ ಅದರೊಳಗೆ ಹಿಡಿಸುವುದೂ ಇಲ್ಲ. ರನ್‌ವೇಯನ್ನು 2,750 ಮೀಟರಿಗೆ ಹಿಗ್ಗಿಸುವ ಯೋಜನೆಗೆ ಭೂಸ್ವಾಧೀನ ಮಾತ್ರವಲ್ಲ, ಪಕ್ಕದ ನಂಜನಗೂಡು ಹೆದ್ದಾರಿ ಮತ್ತು ರೈಲು ಹಳಿಯೂ ಅಡ್ಡ ಬರುತ್ತವೆ.

ಇದೆಲ್ಲ ಬಗೆಹರಿಯಿತು ಎಂದೇ ಇಟ್ಟುಕೊಳ್ಳೋಣ. ವಿಮಾನದ ಹೊಟ್ಟೆಯಲ್ಲಿ ಹೋಗುವ ಸರಕು ಪ್ರಯಾಣಿಕರಿದ್ದ ದಾರಿಯಲ್ಲೇ ಹೋಗುತ್ತದೆ. ಬೆಂಡೆಕಾಯಿಗಾಗಿ ಯಾವ ಕಂಪನಿಯೂ ಮೈಸೂರಿನಿಂದ ದುಬೈಗೆ ಪ್ರಯಾಣಿಕ ವಿಮಾನ ಹಾರಿಸುವುದಿಲ್ಲ. ಬರೀ ಸರಕಿನ ವಿಮಾನ ತರಿಸಿದರೆ ಅದು ಎರಡೂ ಕಡೆ ತುಂಬಿರಬೇಕು. ಇಲ್ಲಿಂದ ತರಕಾರಿ ಹೊತ್ತು ಹೋದದ್ದು ಅಲ್ಲಿಂದ ಖಾಲಿ ಬಂದರೆ ಆ ನಷ್ಟವೂ ನಿಮ್ಮ ಕಿಲೋ ಬಾಡಿಗೆಯ ಮೇಲೆಯೇ ಬೀಳುತ್ತದೆ. ಮೈಸೂರು ಸೀಮೆಗೆ ವಿಮಾನದಲ್ಲಿ ಬರುವ ಮಾಲು ಇನ್ನೂ ಅಷ್ಟಿಲ್ಲ. ವೇದಿಕೆಗಳಲ್ಲಿ ಇದನ್ನು ಯಾರೂ ಹೇಳುವುದಿಲ್ಲ, ದೊಡ್ಡ ಗುರಿಗಳನ್ನಷ್ಟೇ ಹೇಳುತ್ತಾರೆ. 2016ರ ರಾಷ್ಟ್ರೀಯ ವಿಮಾನಯಾನ ನೀತಿ 2027ರೊಳಗೆ ದೇಶದ ವಿಮಾನ ಸರಕು ಒಂದು ಕೋಟಿ ಟನ್ ಮುಟ್ಟಬೇಕೆಂದು ಗುರಿ ಇಟ್ಟಿತು. 2023-24ರಲ್ಲಿ ನಮ್ಮ ನಿಲ್ದಾಣಗಳು ನಿರ್ವಹಿಸಿದ್ದು ಸುಮಾರು 34 ಲಕ್ಷ ಟನ್.

ಹಾಗಾದರೆ ಈ ಪ್ರದೇಶ ಯಾವ ಗುರಿ ಇಟ್ಟುಕೊಳ್ಳಬೇಕು? ನನ್ನ ಅಭಿಪ್ರಾಯದಲ್ಲಿ, ವಿಮಾನಕ್ಕೆ ಮೊದಲು ನೆಲದ ಮೇಲಿನ ಕೆಲಸ. ಬೆಳಿಗ್ಗೆ ಕೊಯ್ದ ಬೆಂಡೆ ಬಿಸಿಲಿನಲ್ಲಿ ಗೋಣಿಚೀಲದೊಳಗೆ ಕುಳಿತರೆ ಮಧ್ಯಾಹ್ನದ ಹೊತ್ತಿಗೆ ಅರ್ಧ ಆಯುಸ್ಸು ಮುಗಿದಿರುತ್ತದೆ. ಅದನ್ನು ಬೇಗ ತಣಿಸಬೇಕು, ಆದರೆ 7 ಡಿಗ್ರಿಗಿಂತ ಕೆಳಗೆ ಇಳಿಸಬಾರದು, ಇಳಿಸಿದರೆ ಕಾಯಿ ಕಪ್ಪಾಗುತ್ತದೆ. ಮಂಡ್ಯ ಅಥವಾ ಮೈಸೂರಿನಲ್ಲಿಯೇ ವಿಂಗಡಣೆ, ತಣಿಸುವಿಕೆ, ಸಸ್ಯ ಆರೋಗ್ಯ ಪ್ರಮಾಣಪತ್ರದ ತಪಾಸಣೆ, ಕಸ್ಟಮ್ಸ್ ಮುದ್ರೆ ಎಲ್ಲ ಮುಗಿಸಿ, ಮುಚ್ಚಿದ ಶೀತಲ ಲಾರಿಯಲ್ಲಿ ನೇರ ದೇವನಹಳ್ಳಿಯ ವಿಮಾನಕ್ಕೆ ಒಯ್ಯುವಂತಾಗಬೇಕು. ನಿಲ್ದಾಣದಿಂದ ದೂರದಲ್ಲೇ ಸರಕು ತೀರುವಳಿ ಮಾಡುವ ಇಂತಹ ‘ಏರ್ ಫ್ರೈಟ್ ಸ್ಟೇಷನ್’ಗಳಿಗೆ ಕೇಂದ್ರ ಸರ್ಕಾರ 2014ರಲ್ಲೇ ನೀತಿ ರೂಪಿಸಿದೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಹತ್ತು ಪಥದ ಹೆದ್ದಾರಿ ಬೆಂಗಳೂರಿನ ಅಂಚಿನವರೆಗಿನ ಹೊತ್ತನ್ನು ಉಳಿಸಿದೆ. ಅಲ್ಲಿಂದ ಊರು ದಾಟುವ ಪಾಡು ಹಾಗೆಯೇ ಇದೆ, ಆದ್ದರಿಂದ ಲಾರಿ ರಾತ್ರಿಯೇ ಹೊರಡುವುದು ಲೇಸು.

ಕೇರಳದ ದಾರಿಯನ್ನೂ ಕೆಲವರು ಕೇಳುತ್ತಾರೆ. ಕೋಯಿಕ್ಕೋಡಿಗೆ ಹೋಗುವ ಹೆದ್ದಾರಿ ಬಂಡೀಪುರದೊಳಗೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ಕೊಡಗಿನ ಮೇಲಿಂದ ಕಣ್ಣೂರಿಗೆ ಹೋಗಬಹುದು. ಅಲ್ಲಿನ ರನ್‌ವೇ 3,050 ಮೀಟರ್, ಆದರೆ ವಿದೇಶಿ ಕಂಪನಿಗಳ ದೊಡ್ಡ ವಿಮಾನ ನಿಯಮಿತವಾಗಿ ಬಾರದೆ ಆ ಉದ್ದ ಪೂರ್ತಿ ಬಳಕೆಯಾಗುತ್ತಿಲ್ಲ. ರನ್‌ವೇಯೊಂದೇ ಸಾಲದು ಎನ್ನುವುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕಿಲ್ಲ.

ನೀವು ಈಗ ಮಾಡಬಹುದಾದದ್ದು: ರೈತ ಉತ್ಪಾದಕ ಕಂಪನಿ ಕಟ್ಟಿಕೊಂಡು ಆಮದು-ರಫ್ತು ಸಂಕೇತ ಸಂಖ್ಯೆ ಪಡೆಯಿರಿ, ಕೃಷಿ ಉತ್ಪನ್ನಗಳ ರಫ್ತು ನೋಡಿಕೊಳ್ಳುವ ಕೇಂದ್ರ ಸಂಸ್ಥೆ ಅಪೇಡಾದಲ್ಲಿ ನೋಂದಾಯಿಸಿ. ಔಷಧ ಸಿಂಪಡಿಸಿದ ದಿನಾಂಕಗಳ ಪುಸ್ತಕ ಇಡಿ. ಖರೀದಿದಾರ ಮೊದಲು ಕೇಳುವುದು ಅದನ್ನೇ.

ಪ್ರಶ್ನೆ: ಮೈಸೂರು ಮಲ್ಲಿಗೆ, ನಂಜನಗೂಡು ರಸಬಾಳೆ ವಿಮಾನಕ್ಕೆ ಹೇಳಿ ಮಾಡಿಸಿದ ಬೆಳೆಗಳಲ್ಲವೇ?
(ಶಿಕ್ಷಕಿ, ಮೈಸೂರು)

ಉತ್ತರ: ಹೆಸರಿಗೆ ಹೌದು. ಊರಿನ ಹೆಸರಿನ ಬೆಳೆಗೆ ಸಿಗುವ ಭೌಗೋಳಿಕ ಸೂಚಿಕೆಯೂ (ಜಿಐ) ಎರಡಕ್ಕೂ ಇದೆ. ಆದರೆ ರಸಬಾಳೆಯ ತೋಟಗಳನ್ನು ಪನಾಮಾ ಸೊರಗು ರೋಗ ಕರಗಿಸಿಬಿಟ್ಟಿದೆ, ವಾರ ವಾರ ಒಂದೇ ಗುಣಮಟ್ಟದ ಮಾಲು ಕೊಡುವಷ್ಟು ಬೆಳೆ ಉಳಿದಿಲ್ಲ. ಮಲ್ಲಿಗೆಯದು ಬೇರೆ ಲೆಕ್ಕ. ವಿಮಾನ ಬಾಡಿಗೆಯಲ್ಲಿ ತೂಕ, ಗಾತ್ರ ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದುಡ್ಡು. 60×40×30 ಸೆಂಟಿಮೀಟರ್ ಪೆಟ್ಟಿಗೆಯ ಅಳತೆಗಳನ್ನು ಗುಣಿಸಿ, ಗಾತ್ರವನ್ನು ಕಿಲೋಗೆ ಬದಲಿಸಲು ವಿಮಾನ ಸಾಗಣೆಯಲ್ಲಿ ಬಳಸುವ 6,000ದಿಂದ ಭಾಗಿಸಿದರೆ 12 ಬರುತ್ತದೆ. ಒಳಗಿನ ಹೂವು ನಾಲ್ಕೇ ಕಿಲೋ ಇದ್ದರೂ ಕಟ್ಟಬೇಕಾದದ್ದು 12 ಕಿಲೋ ಬಾಡಿಗೆ. ಉಡುಪಿ ಕಡೆಯ ಶಂಕರಪುರ ಮಲ್ಲಿಗೆ ಕೊಲ್ಲಿ ರಾಷ್ಟ್ರಗಳಿಗೆ ಹೋಗುತ್ತಿದೆಯಲ್ಲ ಎನ್ನುತ್ತೀರಿ. ನಿಜ, ಅಲ್ಲಿ ಕೊಳ್ಳುವ ಕರಾವಳಿಯ ಮಂದಿ ಇದ್ದಾರೆ, ಮಂಗಳೂರಿನಿಂದ ನೇರ ವಿಮಾನವೂ ಇದೆ. ನಮ್ಮಲ್ಲಿ ವಿಮಾನಕ್ಕೆ ಹೊಂದುವ ಮಾಲು ಹುಡುಕುವುದಾದರೆ ಹೂವಿಗಿಂತ ಮೊದಲು ನಂಜನಗೂಡಿನ ಕೈಗಾರಿಕಾ ಪ್ರದೇಶವನ್ನು ನೋಡಿ: ಎಲೆಕ್ಟ್ರಾನಿಕ್ ಸರ್ಕ್ಯೂಟ್ ಹಲಗೆ, ಔಷಧ ಪದಾರ್ಥ. ತೂಕ ಕಡಿಮೆ, ಬೆಲೆ ಹೆಚ್ಚು, ವರ್ಷವಿಡೀ ಸಾಗಣೆ. ಕೇಳಲು ಚೆಂದವಿಲ್ಲ ಎನ್ನುವುದೊಂದೇ ಕೊರತೆ.

ಪ್ರಶ್ನೆ: ಮನೆಯಿಂದಲೇ ರೇಷ್ಮೆ ಸೀರೆ ಮಾರುತ್ತೇನೆ. ಹೊರದೇಶದಿಂದ ಒಂದೆರಡು ಬೇಡಿಕೆ ಬಂದಿವೆ. ಸರಕು ಏಜೆಂಟರನ್ನು ಹಿಡಿಯಬೇಕೇ?
(ಗೃಹಿಣಿ, ಮೈಸೂರು)

ಉತ್ತರ: ಒಂದೆರಡು ಸೀರೆಗೆ ಬೇಡ. ಅಂಚೆ ಇಲಾಖೆಯ ‘ಡಾಕ್ ಘರ್ ನಿರ್ಯಾತ್ ಕೇಂದ್ರ’ದಲ್ಲಿ ವಿಚಾರಿಸಿ. ರಫ್ತು ಬಿಲ್ಲನ್ನು ಆನ್‌ಲೈನಿನಲ್ಲಿ ಸಲ್ಲಿಸಿ ಪಾರ್ಸೆಲ್ ಅಲ್ಲಿಯೇ ಕೊಟ್ಟರಾಯಿತು. ಆಮದು-ರಫ್ತು ಸಂಕೇತ ಸಂಖ್ಯೆ ನಿಮಗೂ ಬೇಕು. ಬಿಲ್ಲಿನಲ್ಲಿ ಬೆಲೆಯನ್ನು ಇಳಿಸಿ ಬರೆಯಬೇಡಿ. ಪಾರ್ಸೆಲ್ ಕಳೆದುಹೋಗಿ ಪರಿಹಾರ ಕೇಳುವಾಗ ಆ ಅಂಕಿ ನಿಮಗೇ ತೊಡಕಾಗಬಹುದು.